ಶುಕ್ರವಾರದ ಡಬ್ಬಿ

ನನ್ನ ವಾರ ನಾಕು ಊರಿನ ಮ್ಯಾಲೆ ಹಂಚಿ ಹೋಗೇತಿ. ಸೋಮವಾರ ಶಿಗ್ಗಾವಿ, ಮಂಗಳವಾರ ಹಾನಗಲ್, ಬುಧವಾರ ಸವಣೂರು, ಗುರುವಾರ ಹಿರೇಕೆರೂರು. ಶುಕ್ರವಾರ ಎಲ್ಲೂ ಹೋಗಂಗಿಲ್ಲ, ಬಂಕಾಪುರದ ನಮ್ಮ ಸಣ್ಣ ಆಫೀಸಿನ್ಯಾಗ ಕುಂತು ವಾರದ ಕಾಗದ ಬರೀತೇನಿ. ಹನ್ನೆರಡು ವರ್ಷದಿಂದ ಹಿಂಗಽ ನಡದೈತಿ. ಹಿಂಗಾಗಿ ಶುಕ್ರವಾರ ಹಾನಗಲ್ಲಿನ್ಯಾಗ ಏನ್ ಆಗ್ತೈತಿ ಅನ್ನೂದನ್ನ ನಾ ಒಂದು ಸಲಾನೂ ಕಣ್ಣಲೆ ನೋಡಿರಲಿಲ್ಲ. ನೋಡಿದ್ದರ ಇದನ್ನ ಬರಿಯೂ ಪಾಳಿ ನನಗ ಬರ್ತಿರಲಿಲ್ಲ.

ನನ್ನ ಕೆಲಸ ಏನು ಅಂತ ಮೊದಲ ಹೇಳಿಬಿಡ್ತೇನಿ. ಹಳೇ ಮಷಿನ್‌ಗೋಳು ಇರ್ತಾವಲ್ಲ, ಲಾರಿ ತೂಗೂ ಕಾಟಾ, ಬೀಜದ ಗೋದಾಮಿನ್ಯಾಗ ತೇವ ಅಳಿಯೂ ಮಷಿನ್, ದವಾಖಾನ್ಯಾಗ ರಕ್ತ ನೋಡೂ ಮಷಿನ್, ಇವಕ್ಕೆಲ್ಲ ಬೆನ್ನಿನ್ಯಾಗ ಒಂಬತ್ತು ಪಿನ್ನಿನ ಒಂದು ಬಾಯಿ ಇರ್ತೈತಿ. ಆ ಬಾಯಿಂದ ಒಂದಾದ ಮ್ಯಾಲೊಂದು ಅಕ್ಷರ ಹೊರಗ ಬರ್ತಾವ. ಈಗಿನ ಕಂಪ್ಯೂಟರಿಗೆ ಆ ಬಾಯಿ ಪರಿಚಯಾನಽ ಇಲ್ಲ, ಅದಕ್ಕ ಗೊತ್ತಿರೂದು ನೆಟ್‌ವರ್ಕ್ ವೈರ್ ಒಂದಽ. ನಡುವ ಕುಂತು ಇದರ ಮಾತು ಅದಕ್ಕ ಮುಟ್ಟಸೂ ಸಾಮಾನಿಗೆ ಕಾಗದದ ಮ್ಯಾಲೆ ಸಿರಿಯಲ್ ಡಿವೈಸ್ ಸರ್ವರ್ ಅಂತ ದೊಡ್ಡ ಹೆಸರು. ನಾವು ಡಬ್ಬಿ ಅಂತೇವಿ. ಸವಣೂರಿನ ಎಲಿ ತ್ವಾಟದಾಗ ನಮ್ಮಪ್ಪ ಸೊಂಟಕ್ಕ ಸಿಗಿಸಿಕೊಂಡು ಅಡ್ಡಾಡ್ತಿದ್ದ ಎಲಿ ಅಡಿಕಿ ಡಬ್ಬಿಯಷ್ಟಽ ಇರ್ತೈತಿ.

ಈ ಡಬ್ಬಿ ತಂಟೆ ಮಾಡಿದ್ರ ನನಗ ಫೋನ್ ಬರ್ತೈತಿ. ಶಿಗ್ಗಾವ್ಯಾಗ ಕಾಟಾದ ಪರದೆ ಮ್ಯಾಲೆ ತೂಕದ ಬದಲಿ ಪ್ರಶ್ನೆ ಚಿಹ್ನೆ, ಖಾಲಿ ಚೌಕಗೋಳು, ಅರ್ಥ ಇಲ್ಲದ ಕಸ ಬರ್ತಿತ್ತು. ಹೋಗಿ ನೋಡಿದ್ರ ಕಾಟಾ ಒಂದು ವೇಗದಾಗ ಮಾತಾಡಾಕತ್ತೈತಿ, ಡಬ್ಬಿ ಇನ್ನೊಂದು ವೇಗದಾಗ ಕೇಳಾಕತ್ತೈತಿ. ಸವಣೂರಾಗ ಎರಡು ಸಾಮಾನಿಗೆ ಒಂದಽ ನೆಟ್‌ವರ್ಕ್ ನಂಬರ್ ಕೊಟ್ಟು ಕುಂತಿದ್ರು. ಹಿರೇಕೆರೂರಿನ ಗೋದಾಮಿನ್ಯಾಗ ಯಾರೋ ಕಂಪ್ಯೂಟರಿನ್ಯಾಗ ಡಬ್ಬಿ ಜೋಡಿ ಮಾತಾಡೂ ಟರ್ಮಿನಲ್ ತಗದು, ಮುಚ್ಚದಽ ಊಟಕ್ಕ ಹೋಗಿದ್ರು. ಡಬ್ಬಿ ಒಂದು ಸಲಕ್ಕ ಒಬ್ಬರ ಜೋಡಿ ಮಾತ್ರ ಮಾತಾಡ್ತೈತಿ, ಹಂಗಾಗಿ ಉಳದವರಿಗೆ ಬಾಗಿಲಾ ಬಂದ್. ಎಲ್ಲಾ ಇಂಥವಽ. ನನಗೋ ಮೂಗಿನ ತುದಿ ಮ್ಯಾಲೆ ಸಿಟ್ಟು. ಯಾರರ ಫೋನ್ ಮಾಡಿ ಡಬ್ಬಿ ಕೆಟ್ಟೈತ್ರೀ ಅಂದ್ರ ಸಾಕು, ಡಬ್ಬಿ ಕೆಡಂಗಿಲ್ಲ ರೀ, ಮಂದಿ ಕೆಡಸ್ತಾರ ಅಂತ ಬಾಯಿಗೆ ಬಂದಂಗ ಅಂದುಬಿಡ್ತಿದ್ದೆ. ಹಂಗ ಅನ್ನೂದ್ರಾಗ ನನಗ ಒಂಥರಾ ಸುಖಾನೂ ಇತ್ತು.

ಹಾನಗಲ್ಲಿನ ಒಂದು ಸಣ್ಣ ಖಾಸಗಿ ದವಾಖಾನ್ಯಾಗ ರಕ್ತ ನೋಡೂ ಖೋಲ್ಯಾಗ ಒಬ್ರು ಅಕ್ಕಾರು ಇದ್ರು. ನನಗಿಂತ ನಾಕು ವರ್ಷ ದೊಡ್ಡವರು, ದಿನಾ ಆಡೂರಿನಿಂದ ಬಸ್ಸಿಗೆ ಬರೋರು. ಅವರದೊಂದು ಪದ್ಧತಿ ಇತ್ತು. ರಕ್ತ ತಗೊಳ್ಳೂಕಿಂತ ಮೊದಲ ಬಂದವರ ಕೆಳಗಿನ ರೆಪ್ಪಿ ಬೆರಳಲೆ ಎಳದು ನೋಡೋರು. ನೋಡಿ, ಮೈಯಾಗ ರಕ್ತ ಎಷ್ಟೈತಿ ಅನ್ನೂ ಅಂದಾಜನ್ನ ಒಂದು ನೋಟ್‌ಬುಕ್ಕಿನ್ಯಾಗ ಪೆನ್ಸಿಲ್ಲಲೆ ಬರಿಯೋರು: ಹತ್ತು, ಒಂಬತ್ತೂವರಿ, ಹನ್ನೊಂದು. ದವಾಖಾನಿ ಮಂದಿ ಎಚ್‌ಬಿ ಅಂತಾರಲ್ಲ, ಅದು. ಹನ್ನೆರಡರ ಮ್ಯಾಲಿದ್ರ ಚೊಲೊ, ಏಳರ ಕೆಳಗ ಇಳದ್ರ ಗಾಬರಿ ಬೀಳಬೇಕು. ಆಮ್ಯಾಲೆ ಮಷಿನ್ ಹೇಳಿದ ಅಂಕಿನ ಅದರ ಬಾಜೂಕ ಪೆನ್ನಲೆ ಬರಿಯೋರು. ಎರಡಕ್ಕೂ ಅರ್ಧದ ಮ್ಯಾಲೆ ಫರಕ್ ಬರೂದು ನಾನಂತೂ ಕಂಡಿಲ್ಲ.

ಮಂಗಳವಾರ ನಾ ಬರ್ತೇನಿ ಅಂತ ಅವರ ಬುತ್ತ್ಯಾಗ ಎರಡು ರೊಟ್ಟಿ ಹೆಚ್ಚಿಗೆ ಇರ್ತಿದ್ವು. ರೊಟ್ಟಿ, ಝುಣಕ, ಒಂದು ಉಳ್ಳಾಗಡ್ಡಿ. ಉಣಕೋತ ನಾ ಅವರನ್ನ ಕಾಡ್ತಿದ್ದೆ, ಅಕ್ಕಾರ, ನಿಮ್ಮ ಕಣ್ಣಿಗೂ ಒಂದು ವೈರ್ ಹಚ್ಚಿಬಿಡಲೇನ್ರೀ ಅಂತ. ಅವರು ನಕ್ಕು, ಮೊದಲ ಕೈ ತೊಳಕೊಂಡು ಬಾ ಮಾರಾಯಾ ಅನ್ನೋರು. ಊಟದ ಮುಂದ ಮಾತ್ರ ನನ್ನ ಏಕವಚನದಾಗ ಕರಿಯೋರು, ಕೆಲಸದ ಮುಂದ ರೀ ಹಚ್ಚೋರು.

ಆ ಖೋಲ್ಯಾಗ ಡಬ್ಬಿ ಕುಂದ್ರಿಸಿದಾಂವ ನಾನಽ. ಡಬ್ಬಿ ಬಂದ ಮ್ಯಾಲೆ ಮಷಿನ್ನಿನ ಅಂಕಿ ಸೀದಾ ಕಂಪ್ಯೂಟರಿಗೆ ಹೋಗಿ, ಪರದೆ ಮ್ಯಾಲೆ ಯಾರ ಹೆಸರು ತಗದಿರ್ತೈತಿ ಅವರ ಮುಂದ ಕುಂದ್ರತಿತ್ತು. ಡಾಕ್ಟರು ತಮ್ಮ ಖೋಲ್ಯಾಗ ಕುಂತಲ್ಲೇ ನೋಡಬಹುದಿತ್ತು. ಇನ್ನ ನೋಟ್‌ಬುಕ್ ಯಾಕ್ರೀ, ಎರಡು ಸಲ ಬರಿಯೂದು ಯಾಕ ಅಂತ ನಾ ಅಂದೆ. ಅಕ್ಕಾರು ಹಿಂದ ಮುಂದ ನೋಡಿದ್ರು. ಅವಾಗ ನಾ ದೊಡ್ಡ ಶಾಣ್ಯಾನಂಗ ಹೇಳಿದ ಮಾತು ನನಗ ಇವತ್ತಿಗೂ ನೆಪ್ಪೈತಿ.

“ಮಷಿನ್ ಸುಳ್ಳು ಹೇಳಂಗಿಲ್ಲ ರೀ ಅಕ್ಕಾರ. ಕಣ್ಣು ಹೇಳ್ತಾವ. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತ ಹಿರ್ಯಾರು ಸುಮ್ನ ಅಂದಾರೇನು?”

ಅಕ್ಕಾರು ನೋಟ್‌ಬುಕ್ ಮುಚ್ಚಿ ಡ್ರಾದಾಗ ಇಟ್ರು.

ಮುಂದ ಮಳಿಗಾಲದಾಗ ಒಂದು ತಂಟೆ ಸುರು ಆತು. ಕರೆಂಟು ಹೋದ್ರ ಮಷಿನ್, ಡಬ್ಬಿ ಬ್ಯಾಟರಿ ಮ್ಯಾಲೆ ನಡೀತಿದ್ವು, ಆದ್ರ ನೆಟ್‌ವರ್ಕ್ ನಡುನಡುವ ಕಡಕೊಂಡು ಬೀಳ್ತಿತ್ತು. ಆ ಗಳಿಗ್ಯಾಗ ಮಷಿನ್ ಹೇಳಿದ ಅಂಕಿ ಯಾರಿಗೂ ಮುಟ್ಟದಽ ಹೋಗ್ತಿತ್ತು. ಹಂಗಾದಾಗ ಮಂದಿಗೆ ಎರಡನೇ ಸಲ ಚುಚ್ಚಬೇಕು. ಸಣ್ಣ ಹುಡುಗೂರು ಅಳ್ತಾವ್ರೀ, ನೋಡಾಕಾಗಂಗಿಲ್ಲ, ಏನರ ಮಾಡ್ರಿ ಅಂತ ಅಕ್ಕಾರು ಅಂದ್ರು. ಆ ಮಂಗಳವಾರ ಡಬ್ಬಿ ಒಳಗ ಹೊಕ್ಕು ಅದರ ಸೆಟ್ಟಿಂಗ್ ಎಲ್ಲಾ ಜಾಲಾಡಿದೆ. ನೆಟ್‌ವರ್ಕ್ ಇಲ್ಲದಾಗ ಬಂದ ಅಂಕಿನ ಹಿಡದಿಟ್ಟುಕೊಂಡು, ಬಂದ ಮ್ಯಾಲೆ ಕಳಸು ಅನ್ನೂದೊಂದು ಇತ್ತು. ಅದರ ಮುಂದ ಒಂದು ಟಿಕ್ ಹಾಕಿದೆ. ವೈರ್ ಕಿತ್ತು ನೋಡಿದೆ, ಹಾಕಿ ನೋಡಿದೆ. ಹಿಡದಿಟ್ಟ ಅಂಕಿ ಅಚ್ಚುಕಟ್ಟಾಗಿ ಬಂತು. ರೊಟ್ಟಿ ಉಂಡು, ಚಾ ಕುಡದು, ಖುಷಿಲೆ ಊರಿಗೆ ಹೋದೆ.

ಮೂರು ದಿನ ಬಿಟ್ಟು ಶುಕ್ರವಾರ ಮುಂಜಾನೆ ಆಫೀಸಿಗೆ ಅಕ್ಕಾರ ಫೋನ್ ಬಂತು. ಏನ್ ಮಾಡಿ ಹೋಗೀರ್ರೀ, ಇವತ್ತ ಡಬ್ಬಿ ಭಾಳ ಚುರುಕಾಗೈತಿ, ಮಷಿನ್ ಮುಗಸೂದ್ರಾಗ ಅಂಕಿ ಪರದೆ ಮ್ಯಾಲೆ ಇರ್ತೈತಿ ಅಂದ್ರು. ನನ್ನ ಕೈಗುಣ ರೀ ಅಂತ ನಕ್ಕೆ. ಅವಾಗಽ ನಾ ಕುರ್ಚಿ ಬಿಟ್ಟು ಏಳಬೇಕಿತ್ತು. ಮಷಿನ್ ಇನ್ನೂ ಹೇಳದ ಅಂಕಿನ ಯಾವ ಡಬ್ಬಿ ತಂದು ಕೊಟ್ಟೀತು? ಹನ್ನೆರಡು ವರ್ಷ ಇದನ್ನಽ ಮಾಡಿಕೋತ ಬಂದಾಂವಗ ಅದು ಹೊಳೀಬೇಕಿತ್ತು. ಹೊಳೀಲಿಲ್ಲ, ಹೊಗಳಿಸಿಕೊಳ್ಳೂದ್ರಾಗ ಮೈ ಮರತಿದ್ದೆ.

ಅವತ್ತ ಅಕ್ಕಾರು ತಮ್ಮ ಬಾಜೂಮನಿ ಮಗಳನ್ನ ಜೋಡಿ ಕರಕೊಂಡು ಬಂದಿದ್ರು. ಚೊಚ್ಚಲ ಹೆರಿಗಿಗೆ ತವರಿಗೆ ಬಂದಾಕಿ, ಎಂಟನೇ ತಿಂಗಳು. ಎರಡೂ ಮನಿಗೆ ನಡುವ ಒಂದಽ ಗ್ವಾಡಿ. ಗ್ವಾಡ್ಯಾಗಿನ ಸಣ್ಣ ಕಿಡಕಿಯಾಗಿಂದ ದಿನಾ ಪಲ್ಯಾ, ಸಾರು ಅತ್ತಿಂದಿತ್ತ ಹೋಗಿ ಬರ್ತಿತ್ತಂತ. ನಾನಽ ನೋಡ್ತೇನಿ ಬಾ ಅಂತ ಅಕ್ಕಾರಽ ಬಸ್ಸಿನ್ಯಾಗ ಬಾಜೂಕ ಕುಂದ್ರಿಸಿಕೊಂಡು ಬಂದಿದ್ರು. ಪರದೆ ಮ್ಯಾಲೆ ಆಕಿ ಹೆಸರಿನ ಮುಂದ ಹದಿಮೂರರ ಮ್ಯಾಲೆ ಬಂತು. ಡಾಕ್ಟರು ನೋಡಿ ಚೊಲೊ ಐತಿ ಅಂದ್ರು, ಅವಽ ಗುಳಿಗಿ ಮುಂದುವರಸು ಅಂತ ಮನಿಗೆ ಕಳಿಸಿದ್ರು.

ಹತ್ತು ದಿನಕ್ಕ ಆಕಿಗೆ ರಕ್ತ ಹೋಗಾಕ ಹತ್ತಿತು. ಹುಬ್ಬಳ್ಳಿಗೆ ಒಯ್ದ್ರು. ಅಲ್ಲಿಯವರು ನೋಡಿ, ಈಕಿ ಮೈಯಾಗ ರಕ್ತ ಮೊದಲಿಂದಽ ಇಲ್ಲ, ಮುಂಚೆ ಗೊತ್ತಿದ್ರ ಏರಿಸಿಕೊಂಡು ತಯಾರು ಇರಬಹುದಿತ್ತು, ಹದಿಮೂರು ಅಂತ ಬರದವರು ಯಾರು ಅಂತ ಕೇಳಿದ್ರಂತ. ಆಕಿ ಉಳಕೊಂಡ್ಲು. ಕೂಸು ಉಳೀಲಿಲ್ಲ.

ಮುಂದಿನ ಮಂಗಳವಾರ ದವಾಖಾನಿ ಆಡಳಿತ ನೋಡೋರು ನನ್ನ ಕುಂದ್ರಿಸಿ, ಡಬ್ಬಿನ ಪೂರ್ತಿ ಪರೀಕ್ಷಾ ಮಾಡಿ ಬರದು ಕೊಡ್ರಿ ಅಂದ್ರು. ಎರಡು ತಾಸು ನೋಡಿದೆ. ದೀಪ ನೋಡಿದೆ, ನೆಟ್‌ವರ್ಕ್ ನಂಬರ್ ನೋಡಿದೆ, ವೇಗ ನೋಡಿದೆ, ಪಿನ್ ಒಂದೊಂದಽ ನೋಡಿದೆ, ಹತ್ತು ಅಂಕಿ ಕಳಿಸಿ ನೋಡಿದೆ. ಹತ್ತೂ ಸರಿಯಾಗಿ ಬಂದ್ವು. ಡಬ್ಬಿ, ವೈರ್, ನೆಟ್‌ವರ್ಕ್ ಸರಿ ಇವೆ, ದೋಷ ಕಂಡುಬಂದಿಲ್ಲ ಅಂತ ಬರದು ಸಹಿ ಹಾಕಿದೆ. ಅಕ್ಕಾರು ಬಾಗಲದಾಗ ನಿಂತಿದ್ರು. ಚೊಲೊತ್ನ್ಯಾಗ ನೋಡಿದ್ರೇನ್ರೀ ಅಂತ ಮೆಲ್ಲಕ ಕೇಳಿದ್ರು. ಎಲ್ಲಾ ನೋಡೇನ್ರೀ ಅಂತ ನಾ ಸಿಡುಕಿದೆ. ಆ ಸಿಡುಕು ನೆನಸಿಕೊಂಡ್ರ ಈಗೂ ನನ್ನ ಬಾಯಿ ಮ್ಯಾಲೆ ನಾನಽ ಹೊಡಕೋಬೇಕು ಅನಸ್ತೈತಿ.

ಡಬ್ಬಿ ಸರಿ ಐತಿ ಅಂದ ಮ್ಯಾಲೆ ಉಳದದ್ದು ಮನಷ್ಯಾರ ಕೈ. ಅಕ್ಕಾರು ತಪ್ಪು ಹೆಸರು ತಗದಿದ್ರು, ಒಬ್ಬರದು ಇನ್ನೊಬ್ಬರಿಗೆ ಹಾಕಿದ್ರು ಅಂತ ತೀರ್ಮಾನ ಆತು. ನಾಳಿಂದ ಬರಬ್ಯಾಡ್ರಿ ಅಂದ್ರು. ಅವರು ಒಂದು ಮಾತೂ ಎದುರಾಡದಽ ಡ್ರಾದಾಗಿನ ನೋಟ್‌ಬುಕ್ ಚೀಲಕ್ಕ ಹಾಕ್ಕೊಂಡು ಹೋದ್ರಂತ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರು ಅಂತಾರಲ್ಲ, ಆ ಬರಿ ಕಾಸಿ ಕೊಟ್ಟಾಂವ ನಾನು. ಗ್ವಾಡ್ಯಾಗಿನ ಕಿಡಕಿ ಆಕಡೆಯಿಂದ ಮುಚ್ಚಿದ್ರು, ಬಾಜೂಮನಿಯವರು ಮಾತು ಬಿಟ್ರು ಅನ್ನೂ ಸುದ್ದಿ ಆಮ್ಯಾಲೆ ಬಂತು. ನನಗೂ ಅಕ್ಕಾರ ಮ್ಯಾಲೆ ಒಳಗೊಳಗ ಸಿಟ್ಟಿತ್ತು. ಇಷ್ಟು ವರ್ಷದ ಹೆಣಮಗಳು, ಒಂದು ಹೆಸರು ನೋಡಿ ಒತ್ತಾಕ ಬರಲಿಲ್ಲೇನು ಅಂತ.

ದವಾಖಾನಿಯವರು ಹೆದರಿ ಡಬ್ಬಿ ಬಂದ್ ಮಾಡಿ ಕೈಲೆ ಬರಿಯಾಕ ಹತ್ತಿದ್ರು. ಐದು ತಿಂಗಳ ಮ್ಯಾಲೆ ಹಿರೇಕೆರೂರು ಕಡೆಯವರೊಬ್ಬರು ಹೊಸದಾಗಿ ಆ ಖೋಲಿಗೆ ಬಂದ್ರು, ನಡು ವಯಸ್ಸಿನವರು. ಡಬ್ಬಿ ಮತ್ತ ಚಾಲೂ ಮಾಡೂದು ಅಂತಾತು. ಚೊಲೊ ದಿನ ಅಂತ ಶುಕ್ರವಾರ ಆರಿಸಿಕೊಂಡು, ನೀವೂ ಬಂದು ಕುಂದ್ರಬೇಕು ಅಂದ್ರು. ಹಂಗ ನಾ ಮೊದಲ ಸಲ ಶುಕ್ರವಾರ ಹಾನಗಲ್ಲಿಗೆ ಹೋದೆ.

ಹೋದಾಗ ಖೋಲ್ಯಾಗ ಪೂಜಾ ನಡದಿತ್ತು. ದಿನಾ ಆ ಮಷಿನ್ ಹಗಲೂ ರಾತ್ರಿ ಚಾಲೂನಽ ಇರ್ತೈತಿ, ಯಾರೂ ಆರಸಂಗಿಲ್ಲ. ಶುಕ್ರವಾರ ಮುಂಜಾನೆ ಮಾತ್ರ ಮಷಿನ್, ಡಬ್ಬಿ, ಕಂಪ್ಯೂಟರ್ ಎಲ್ಲಾ ಆರಿಸಿ, ಹಸೀ ಅರಬಿಲೆ ವರಸಿ, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಒಂದು ಚಿಟಿಕಿ ಸಕ್ಕರಿ ಇಟ್ಟು, ಮತ್ತ ಎಲ್ಲಾ ಚಾಲೂ ಮಾಡ್ತಾರ. ಅಕ್ಕಾರು ಹಾಕಿಕೊಟ್ಟ ಪದ್ಧತಿ, ಬಿಡಬಾರದು ಅಂತ ದವಾಖಾನಿ ಕಸ ಹೊಡಿಯೂ ಆಯಾ ಹೊಸಬರಿಗೆ ಹೇಳಿ ಮಾಡಿಸಾಕತ್ತಿದ್ಲು. ನಾ ಚಾದ ಗ್ಲಾಸ್ ಹಿಡಕೊಂಡು ನೋಡಿಕೋತ ನಿಂತೆ.

ಮೊದಲ ಬಂದಾಕಿ ಒಬ್ಬಾಕಿ ಮುದುಕಿ. ರಕ್ತ ತಗದು ಮಷಿನ್ನಿಗೆ ಇಟ್ರು. ಮಷಿನ್ ಇನ್ನೂ ಗುರ್ ಅನ್ನಾಕತ್ತಿತ್ತು. ಪರದೆ ಮ್ಯಾಲೆ ಆಕಿ ಹೆಸರಿನ ಮುಂದ ಹದಿನೈದು ಅಂತ ಅಂಕಿ ಬಂದು ಕುಂತಿತ್ತು. ಚಾದ ಗ್ಲಾಸ್ ಕೆಳಗಿಟ್ಟೆ. ಅಕ್ಕಾರು ಫೋನಿನ್ಯಾಗ ಅಂದ ಮಾತು ಕಿವ್ಯಾಗ ಗುಂಯ್ ಅಂತು.

ನಿಲ್ಲಸ್ರಿ ಅಂದೆ, ನನ್ನ ಬೆರಳು ಚುಚ್ಚಿಸಿಕೊಂಡೆ. ನನ್ನ ಹೆಸರಿಗೆ ಒಂಬತ್ತೂವರಿ ಬಂತು. ಅದು ಆ ಮುದುಕೀದು. ಇನ್ನೊಂದು ಸಲ ಚುಚ್ಚಿಸಿಕೊಂಡೆ, ಅವಾಗ ನಂದು ಬಂತು. ಆಗಿದ್ದೇನು ಅಂದ್ರ, ಆರಿಸಿ ಹಚ್ಚಿದ ಕೂಡಲೆ ಮಷಿನ್ ತನ್ನನ್ನ ತಾನು ಪರೀಕ್ಷಾ ಮಾಡಿಕೊಂಡು ಹದಿನೈದು ಅಂತ ಒಂದು ಅಂಕಿ ಹೊರಗ ಹಾಕ್ತೈತಿ. ಕಂಪ್ಯೂಟರ್ ಎಲ್ಲಾರಿಗಿಂತ ಹಿಂದ ಏಳ್ತೈತಿ. ಮೊದಲಾಗಿದ್ರ ಕೇಳೋರಿಲ್ಲದ ಆ ಅಂಕಿ ಗಾಳಿಗೆ ಹೋಗ್ತಿತ್ತು. ನಾ ಟಿಕ್ ಹಾಕಿದ ಮ್ಯಾಲೆ ಡಬ್ಬಿ ಅದನ್ನ ಹಿಡದಿಟ್ಟುಕೊಂಡು, ಮೊದಲ ಬಂದವರ ಹೆಸರಿಗೆ ಕೊಟ್ಟುಬಿಡ್ತಿತ್ತು. ಒಂದು ಹೆಸರಿಗೆ ಒಂದಽ ಅಂಕಿ, ಹಂಗಾಗಿ ಹಿಂದ ಬಂದ ಮೊದಲನೇದವರದು ಎರಡನೇದವರಿಗೆ, ಎರಡನೇದವರದು ಮೂರನೇದವರಿಗೆ, ಹಿಂಗ ದಿನಾ ಪೂರ್ತಿ ಒಂದೊಂದು ಮನಿ ಸರೀತಿತ್ತು. ಸಂಜಿಮುಂದ ಕಂಪ್ಯೂಟರ್ ಆರಿಸಿದ್ರ ಯಾರ ಹೆಸರಿಗೂ ಹೋಗದಽ ಉಳದ ಆ ಕಡೀ ಅಂಕಿ ಅಳಿಸಿ ಹೋಗಿ, ಶನಿವಾರ ಮತ್ತ ಸರಿ. ಮಂಗಳವಾರ ಬರಾಂವಗ ಏನ್ ಕಾಣಬೇಕು, ನನ್ನ ಕರ್ಮ.

ಆ ಹಳೇ ಶುಕ್ರವಾರದ ಯಾದಿ ಕಂಪ್ಯೂಟರಿನ್ಯಾಗ ಹಂಗಽ ಇತ್ತು. ತಗದು ನೋಡಿದೆ. ಮೊದಲ ಹೆಸರಿಗೆ ಬರೋಬ್ಬರಿ ಹದಿನೈದು. ಬಾಜೂಮನಿ ಮಗಳು ಮೂರನೇದಾಕಿ. ಆಕಿ ಹೆಸರಿನ ಮುಂದ ಇದ್ದದ್ದು ಎರಡನೇ ಬಂದ ಲಾರಿ ಡ್ರೈವರಂದು. ಆಕೀದು ಆರು ಪಾಯಿಂಟ್ ನಾಕು, ಆಕಿ ಹಿಂದ ಬಂದ ಒಬ್ಬ ಅಜ್ಜನ ಹೆಸರಿನ ಮುಂದ ಕುಂತಿತ್ತು. ಆ ಅಜ್ಜಗ ಸೋಮವಾರ ಮತ್ತ ನೋಡಿ, ಸರಿ ಬಂತು ಅಂತ ಎಲ್ಲಾರೂ ಬಿಟ್ಟುಬಿಟ್ಟಿದ್ರು. ನಾ ಎರಡು ತಾಸು ವೈರ್ ನೋಡಿದಾಂವ, ಆ ಯಾದಿನ ಒಂದು ನಿಮಿಷ ನೋಡಿರಲಿಲ್ಲ.

ಟಿಕ್ ತಗದೆ. ಅಲ್ಲೇ ಕುಂತು ಎಲ್ಲಾ ಬರದೆ, ತಪ್ಪು ನಂದು, ಅಕ್ಕಾರದಲ್ಲ ಅಂತ ಬರದು ಸಹಿ ಹಾಕಿದೆ. ಆಡಳಿತದವರು ಓದಿ, ಆಗಿ ಹೋದದ್ದನ್ನ ಯಾಕ ಕೆದರ್ತೀರಿ ಅಂದ್ರು. ಅಕ್ಕಾರನ್ನ ಮತ್ತ ಕರೀರಿ ಅಂದೆ. ನೋಡೂಣು ಅಂತ ಕಾಗದ ಡ್ರಾದಾಗ ಹಾಕಿದ್ರು. ಇನ್ನೊಂದು ಪ್ರತಿ ಕಿಸೇದಾಗ ಇಟಗೊಂಡು ಗಾಡಿ ಹತ್ತಿ ಆಡೂರಿಗೆ ಹೋದೆ. ದಾರ್ಯಾಗ ನನಗ ದುಃಖದ ಜೋಡಿ ಒಂದು ಹಗುರೂ ಇತ್ತು, ಸುಳ್ಳ್ಯಾಕ ಹೇಳಲಿ. ಅಕ್ಕಾರ ತಲಿಮ್ಯಾಲಿನ ಹೊರಿ ಇಳಸಾಕ ಹೊಂಟೇನಿ ಅನ್ನೂ ಹಗುರು.

ಅಕ್ಕಾರು ಮನಿ ಮುಂದಿನ ಕಟ್ಟಿ ಮ್ಯಾಲೆ ಕುಂತು ಮೊರದಾಗ ಅಕ್ಕಿ ಹಸನ ಮಾಡಾಕತ್ತಿದ್ರು. ಸೊರಗಿದ್ರು. ಬರ್ರಿ, ಕುಂದರ್ರಿ ಅಂತ ಒಳಗ ಹೋಗಿ ನೀರು ತಂದ್ರು. ನಾ ಎಲ್ಲಾ ಹೇಳಿದೆ, ಕಟ್ಟಿ ಮ್ಯಾಲೆ ಬೆರಳಲೆ ಗೆರಿ ಎಳದು ತೋರಿಸಿದೆ. ಅವರು ಮೊರ ಬಾಜೂಕಿಟ್ಟು ಕೇಳಿದ್ರು. ಮುಗಿದ ಮ್ಯಾ‍ಲೆ, ಹಂಗಾರ ಪೂಜಾಕ್ಕಂತ ನಾ ಆರಿಸಿದ್ದಕ್ಕ ಹಿಂಗಾತೇನ್ರೀ ಅಂದ್ರು. ಅಲ್ರೀ, ಟಿಕ್ ಇಲ್ಲಂದ್ರ ನೀವು ದಿನಾ ನೂರು ಸಲ ಆರಿಸಿದ್ರೂ ಏನೂ ಆಗ್ತಿರಲಿಲ್ಲ, ಟಿಕ್ ಹಾಕಿದಾಂವ ನಾನು, ನೋಡದಽ ಬರದು ಕೊಟ್ಟಾಂವೂ ನಾನು ಅಂದೆ.

ಅಕ್ಕಾರು ಎದ್ದು ಒಳಗ ಹೋದ್ರು. ಬರೂವಾಗ ಕೈಯಾಗ ಆ ನೋಟ್‌ಬುಕ್ ಇತ್ತು. ಕಡೀ ಹಾಳಿ ತಗದು ನನ್ನ ಮುಂದ ಇಟ್ರು. ಆ ಶುಕ್ರವಾರದ್ದು. ಪೆನ್ಸಿಲ್ಲಲೆ ಆರೂವರಿ ಅಂತ ಬರದು, ಅದರ ಮ್ಯಾಲೆ ಪೆನ್ನಲೆ ಗೀಟು ಹೊಡದಿತ್ತು.

“ನೋಟ್‌ಬುಕ್ ಬ್ಯಾಡ ಅಂದಿದ್ರಿ. ಚಟ ಬಿಡಲಿಲ್ಲ ರೀ, ಬರೀತಿದ್ದೆ,” ಅಂದ್ರು. “ಆಕಿ ರೆಪ್ಪಿ ಹಾಳಿಯಂಗ ಬೆಳ್ಳಗಿತ್ತು. ಆರೂವರಿ ಅಂತ ಬರದೆ. ಮಷಿನ್ ಹದಿಮೂರು ಅಂತು. ಮಷಿನ್ ಸುಳ್ಳು ಹೇಳಂಗಿಲ್ಲ ಅಂದಿದ್ರಲ್ಲ ನೀವು. ಗೀಟು ಹೊಡದೆ.”

ಅವರ ದನಿಯಾಗ ಸಿಟ್ಟಿರಲಿಲ್ಲ. ಸಿಟ್ಟಿದ್ದರ ನನಗ ತಡಕೊಳ್ಳಾಕ ಆಗ್ತಿತ್ತು. ನಾ ಅತ್ತೆ, ಅವರ ಮುಂದಽ ಅತ್ತೆ. ಇದನ್ನ ಅವತ್ತಽ ದವಾಖಾನ್ಯಾಗ ತೋರಸಬೇಕಿತ್ತಲ್ಲ ರೀ ಅಂದೆ. ತೋರಿಸಿ ಏನಂತ ಹೇಳಲಿ, ಕಂಡೂ ಸುಮ್ಮನಾದೆ ಅಂತ ಹೇಳಲೇನು ಅಂದ್ರು. ನಾ ಕೊಟ್ಟ ಕಾಗದ ಓದಿ, ಮಡಚಿ, ತಿರುಗಿ ನನ್ನ ಕೈಗೆ ಇಟ್ರು. ಇದು ನನಗ ಬ್ಯಾಡ, ಬಾಜೂಕ ಹೋಗಿ ಆಕಿಗೆ ಹೇಳ್ರಿ ಅಂದ್ರು.

ಬಾಜೂಮನಿ ಮಗಳು ಒಬ್ಬಾಕೀನಽ ಇದ್ಲು, ಆಕಿ ಅವ್ವ ಹೊಲಕ್ಕ ಹೋಗಿದ್ಲು. ಗಂಡನ ಮನಿಗೆ ಇನ್ನೂ ಹೋಗಿರಲಿಲ್ಲ. ಹೊಸ್ತಿಲದಾಗ ನಿಂತಽ ಕೇಳಿದ್ಲು. ಡಬ್ಬಿ ಹೇಳಿದೆ, ಟಿಕ್ ಹೇಳಿದೆ, ನಾ ಬರದ ಸುಳ್ಳು ಕಾಗದ ಹೇಳಿದೆ. ನೋಟ್‌ಬುಕ್ಕಿಂದು ಹೇಳಬಾರದು ಅಂತ ಬರೂವಾಗಽ ನಿಶ್ಚಯ ಮಾಡಿದ್ದೆ.

“ಅಕ್ಕ ನನ್ನ ರೆಪ್ಪಿ ಎಳದು ನೋಡಿದ್ಲು ರೀ,” ಅಂದ್ಲು. “ಏನೋ ಬರದ್ಲು. ಆಮ್ಯಾಲೆ ಅದನ್ನ ಹೊಡದು ಹಾಕಿದ್ಲು. ಅದ್ಯಾಕ ಅಂತ ಐದು ತಿಂಗಳಿಂದ ಕೇಳಬೇಕು ಅಂತೇನಿ, ಬಾಯಿ ಬರವಲ್ತು. ನಿಮಗ ಗೊತ್ತೈತೇನ್ರೀ?”

ಗೊತ್ತಿಲ್ಲ ಅನ್ನಬಹುದಿತ್ತು. ಆ ಹೊಸ್ತಿಲದ ಮುಂದ ನಿಂತು ಇನ್ನೊಂದು ಸುಳ್ಳು ಹೇಳಾಕ ನನ್ನ ಕೈಲೆ ಆಗಲಿಲ್ಲ. ಮಷಿನ್ ಸುಳ್ಳು ಹೇಳಂಗಿಲ್ಲ ಅಂತ ನಾ ಹೇಳಿದ್ದೆ ರೀ, ನನ್ನ ಮಾತು ನಂಬಿ ಹೊಡದು ಹಾಕಿದ್ರು ಅಂದೆ.

“ಹಂಗಾರ ಅಕ್ಕಗ ಗೊತ್ತಿತ್ತು,” ಅಂದ್ಲು.

ಆಮ್ಯಾಲೆ ಬಾಗಲಾ ಮೆಲ್ಲಕ ಮುಂದಕ ಮಾಡಿಕೊಂಡ್ಲು. ನನ್ನ ಕಾಗದ ತಗೊಳ್ಳಲಿಲ್ಲ.

ಅಕ್ಕಾರು ಕಟ್ಟಿ ಮ್ಯಾಲೆ ಕುಂತು ಎಲ್ಲಾ ಕೇಳಿಸಿಕೊಂಡಿದ್ರು. ಮತ್ತ ಮೊರ ತೊಡಿ ಮ್ಯಾಲೆ ತಗೊಂಡು ಅಕ್ಕ್ಯಾಗಿನ ಹರಳು ಆರಸಾಕತ್ತಿದ್ರು. ನಾ ಗಾಡಿ ಚಾಲೂ ಮಾಡೂವಾಗ ತಲಿ ಎತ್ತದಽ, ಮಂಗಳವಾರ ಈ ಕಡೆ ಬಂದ್ರ ರೊಟ್ಟಿ ಉಂಡು ಹೋಗು ಅಂದ್ರು. ಮಂಗಳವಾರ ನಾ ಈಗೂ ಹಾನಗಲ್ಲಿಗೆ ಹೋಗ್ತೇನಿ. ಅಲ್ಲಿಂದ ಆಡೂರಿಗೆ ಇನ್ನೂ ಹೋಗಿಲ್ಲ.